ಅತ್ತೆಯ ಬೆನ್ನಿಗೆ ಬಿದ್ದ ಗುದ್ದು

ಆ ಮಧ್ಯಾಹ್ನ ಕಮಲಾಪುರದ ಮನೆಯಲ್ಲಿ ನೀನು ಏನು ನೋಡಿದೆ ಎಂದು ಯಾರಾದರೂ ಆಣೆ ಹಾಕಿಸಿ ಕೇಳಿದರೆ ಅರ್ಧವನ್ನಷ್ಟೇ ಹೇಳಬಲ್ಲೆ. ಮನೆಯೊಳಗೆ ತೊಟ್ಟಿಲಿತ್ತು. ತೊಟ್ಟಿಲಿನ ಸುತ್ತ ಹೆಂಗಸರಿದ್ದರು. ಹಸಿರು ಸೀರೆಯ ಒಬ್ಬಳು ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು, ಉಳಿದವರು ಅವಳ ಬೆನ್ನಿಗೆ ಗುದ್ದಿದರು. ಇಷ್ಟರ ಬಗ್ಗೆ ಅನುಮಾನವಿಲ್ಲ. ಬಾಗಿದವಳು ಯಾರು ಎನ್ನುವುದೇ ಅನುಮಾನ. ತಾನೇ ಎನ್ನುತ್ತಾಳೆ ಅಕ್ಕ. ಅವಳು ಒಳಗೆ ಬರಲೇ ಇಲ್ಲ, ಅಂಗಳದಲ್ಲಿ ನಿಂತು ಹರಸಿ ಹೋದಳು ಎನ್ನುತ್ತಾನೆ ಅವಳ ತಮ್ಮ. ನಾನು ಆ ಬಾಗಿಲಿನ ಎದುರಿಗೇ, ಶಾಮಿಯಾನದ ಕೆಳಗೆ, ಕೈಯಲ್ಲಿ ಚಹಾ ಹಿಡಿದು ಕೂತಿದ್ದೆ. ಬಾಗಿದ ಅಕ್ಕನ ಬೆನ್ನು ಈಗಲೂ ನನ್ನ ಕಣ್ಣ ಮುಂದಿದೆ. ಆದರೆ ಅದು ನಾನು ಕಂಡದ್ದೋ, ಆಮೇಲೆ ಅವಳ ಬಾಯಿಂದ ಕೇಳಿ ಕಟ್ಟಿಕೊಂಡದ್ದೋ ಹೇಳಲಾರೆ.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ಕಲಬುರಗಿಯಲ್ಲಿ ಆಕೆಯನ್ನು ಎಲ್ಲರೂ ಕರೆಯುವುದೇ ಹಾಗೆ. ಹುಟ್ಟಿದಾಗ ಮನೆಯವರು ಗಂಡು ಕೂಸು ಎಂದುಕೊಂಡರು. ತಾನು ಹೆಣ್ಣು ಎಂದು ತಿಳಿದ ಮೇಲೆ ಆಕೆ ಕಮಲಾಪುರ ಬಿಟ್ಟು, ಕಲಬುರಗಿಗೆ ಬಂದು, ತನ್ನಂಥವರ ನಡುವೆ ಬೆಳೆದಳು. ಅಂಗಡಿಗಳ ಮುಂದೆ ಕೈ ಚಾಚಿದಳು, ಲಾಕಪ್ಪಿನಲ್ಲಿ ಏಟು ತಿಂದಳು. ಆಮೇಲೆ ಕಚೇರಿಗಳ ಮೆಟ್ಟಿಲು ಹತ್ತತೊಡಗಿದಳು. ಗುರುತಿನ ಚೀಟಿ, ರೇಷನ್, ಇರಲು ಒಂದು ಮನೆ. ಒಮ್ಮೆ ಅವಳ ಗೆಳತಿಯೊಬ್ಬಳನ್ನು ಆಸ್ಪತ್ರೆಯೊಂದರಲ್ಲಿ ಗಂಡಸರ ವಾರ್ಡಿಗೂ ಒಯ್ಯದೆ ಹೆಂಗಸರ ವಾರ್ಡಿಗೂ ಒಯ್ಯದೆ ಕಾರಿಡಾರಿನಲ್ಲೇ ಮಲಗಿಸಿದ್ದರಂತೆ. ಅಕ್ಕ ಆ ಸ್ಟ್ರೆಚರಿನ ಪಕ್ಕ ನೆಲದ ಮೇಲೆ ಕೂತು, ಹೆಂಗಸರ ವಾರ್ಡಿನಲ್ಲಿ ಮಂಚ ಸಿಗುವ ತನಕ ಏಳಲಿಲ್ಲ.

ಈ ಬದುಕನ್ನು ಬರೆದಿಡಲು ನಾನು ಒಪ್ಪಿಕೊಂಡಿದ್ದೆ. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿದವನು. ಯಾರು ಏನು ಹೇಳಿದರೂ ಇನ್ನೊಬ್ಬರನ್ನು ಕೇಳದೆ ನಂಬಬಾರದು ಎಂದು ಅಲ್ಲಿ ಕಲಿತೆ. ಆ ಕಲಿಕೆ ಈಗ ಚಟವಾಗಿದೆ. ಖೂಬಾ ಪ್ಲಾಟಿನ ನನ್ನ ಕೋಣೆಯಿಂದ ಹೊರಟು, ಸೇಡಂ ರಸ್ತೆಯ ಒಳಗಲ್ಲಿಯಲ್ಲಿರುವ ಅವಳ ಮನೆಗೆ ಹೋಗಿ, ಅವಳ ಮಾತನ್ನು ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದೆ. ಗ್ಯಾಸ್ ಆರಿಸಿ ಬಂದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಹೋಗುವವನು ನಾನು. ಅವಳ ಮಾತನ್ನೂ ಹಾಗೇ ತಿರುತಿರುಗಿ ನೋಡುತ್ತಿದ್ದೆ. ಆಸ್ಪತ್ರೆಯ ಆ ದಿನ ಮಳೆ ಎಂದಳು. ಗೆಳತಿಯನ್ನು ಕೇಳಿದರೆ ಉರಿಬಿಸಿಲು ಎಂದಳು. ಅದನ್ನು ಅಕ್ಕನ ಮುಂದಿಟ್ಟೆ.

"ತೊಯ್ದಾಕಿ ನಾನು, ಪರೀಕ್ಷಾ ಮಾಡಾಂವ ನೀನು," ಎಂದಳು. "ಬಿಸಲ ಅಂತ ಬರಕೋ ಹೋಗು, ನಂದೇನು ಹೋಗೂದದ."

ನಾನು ಬರೆದದ್ದನ್ನು ಓದಿ ಹೇಳಿದಾಗ ಅವಳಿಗೆ ಸಿಟ್ಟು ಬಂದದ್ದು ಒಂದೇ ಕಾರಣಕ್ಕೆ. ಮರ್ಯಾದೆಗೆಂದು ಎಲ್ಲ ಕಡೆ 'ಅವರು' ಎಂದು ಬರೆದಿದ್ದೆ.

"ಏ ಮಾಸ್ತರ, 'ಅವರು' ಅಂದ್ರ ಗಂಡಸೂ ಆಗ್ತದ, ಹೆಂಗಸೂ ಆಗ್ತದ. 'ಅವಳು' ಅಂತ ಬರಿ. ಅದಕ್ಕಲ್ಲಾ ನಾ ಇಷ್ಟ ಬಡದಾಡಿದ್ದು?"

ಅಂದಿನಿಂದ ಅವಳು ಎಂದೇ ಬರೆಯುತ್ತಿದ್ದೇನೆ.

ತಮ್ಮನ ಫೋನ್ ಬಂದಾಗ ನಾನು ಅವಳ ಮನೆಯಲ್ಲೇ ಇದ್ದೆ. ಅವಳು ಹೊಲಿಗೆ ಹಾಕುತ್ತಿದ್ದಳು. ಕೈ ಬಿಡುವಿಲ್ಲದೆ ಸ್ಪೀಕರ್ ಒತ್ತಿ ನೆಲದ ಮೇಲಿಟ್ಟಳು. ತಮ್ಮ ಅವಳಿಗಿಂತ ಬಹಳ ಚಿಕ್ಕವನು, ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ ನೋಡಿಕೊಂಡಿರುವವನು. ಮದುವೆಯಾಗಿ ತಡವಾಗಿ ಅವನಿಗೊಂದು ಕೂಸು ಹುಟ್ಟಿತ್ತು.

"ಐತವಾರ ತೊಟ್ಟಿಲ ಇಟ್ಟೀವಿ," ಎಂದಿತು ಫೋನು. "ಅವ್ವ ಒಂದ ಸಮ ನಿನ್ನ ನೆನಸಾಕತ್ಯಾಳ. ಬಾ. ಆದ್ರ..."

"ಆದ್ರ ಏನಪಾ?"

"ನಮ್ಮ ಮಾವ ಬರ್ತಾರ. ಅವರಿಗಿ ನಾ ಒಬ್ಬನ ಮಗ ಅಂತ ಹೇಳೀವಿ. ಕೂಸು ಹುಟ್ಟಿದ ಮನಿಗಿ ನಿಮ್ಮ ಮಂದಿ ಹೆಂಗ ಬರ್ತಾರ, ಹಂಗ ಬಂದು ಅಂಗಳದಾಗ ನಿಂತು ಹರಸಿ ಹೋಗು. ಯಾರೂ ಏನೂ ಅನ್ನಂಗಿಲ್ಲ. ಸೀರಿ, ಕಾಯಿ ಎಲ್ಲಾ ಇಡ್ತೀವಿ."

ಅಕ್ಕನ ಸೂಜಿ ನಿಂತಿತು. "ಕುರ್ರ ಅನ್ನಾಕಿ ಯಾರು?"

"ಚಿಕ್ಕಪ್ಪನ ಮಗಳ ಬರ್ತಾಳ."

"ನಾ ಬರ್ತೀನಿ," ಎಂದು ಅಕ್ಕ ಫೋನ್ ಇಟ್ಟಳು.

ಈ ಕುರ್ರ್ ಏನೆಂದು ಹೇಳಬೇಕು. ನಮ್ಮ ಕಡೆ ಕೂಸಿಗೆ ಹೆಸರಿಡುವಾಗ ತಂದೆಯ ಅಕ್ಕನೋ ತಂಗಿಯೋ, ಅಂದರೆ ಕೂಸಿನ ಸೋದರತ್ತೆ, ತೊಟ್ಟಿಲಿಗೆ ಬಾಗಿ ಅದರ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಉಸಿರಬೇಕು. ಅವಳು ಬಾಗಿದ್ದೇ ತಡ, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ತಮಾಷೆಯ ಗುದ್ದು, ಆದರೆ ಕೆಲವು ಜೋರಾಗಿಯೇ ಬೀಳುತ್ತವೆ. ಅತ್ತಿಗೆ ನಾದಿನಿಯರ ಎಷ್ಟೋ ವರ್ಷದ ಸಣ್ಣಪುಟ್ಟ ಸಿಟ್ಟೆಲ್ಲ ಅಲ್ಲಿ ನಗುತ್ತ ಇಳಿಯುತ್ತದೆ. ಬೇರೆ ಯಾರಿಗೂ ಆ ಗುದ್ದಿಲ್ಲ. ಅದನ್ನು ತಿನ್ನುವ ಹಕ್ಕು ಅತ್ತೆಗೆ ಮಾತ್ರ.

ಈ ಜಿಲ್ಲೆಯ ಎಷ್ಟು ಮನೆಗಳ ಅಂಗಳದಲ್ಲಿ ಅಕ್ಕ ಚಪ್ಪಾಳೆ ತಟ್ಟಿ ಕೂಸುಗಳನ್ನು ಹರಸಿದ್ದಾಳೋ. ತನ್ನ ತಮ್ಮನ ಕೂಸಿಗೆ ಹಾಗೆ ಹರಸಲು ಅವಳಿಗೆ ಮನಸ್ಸಿರಲಿಲ್ಲ. ಅವಳು ಆಗ ಹೊಲಿಯುತ್ತಿದ್ದದ್ದು ಕುಂಚಿಗಿ, ಕೂಸಿನ ತಲೆಯಿಂದ ಬೆನ್ನ ತನಕ ಇಳಿಯುವ ಟೋಪಿ. ಅದನ್ನು ಸೋದರತ್ತೆಯೇ ತರಬೇಕು. ಫೋನ್ ಬರುವ ಮೊದಲೇ ಅರ್ಧ ಮುಗಿಸಿದ್ದಳು.

"ನೀನೂ ಬಾ," ಎಂದಳು ನನಗೆ. "ನಾಳೆ ಮತ್ತ ಮಳಿ ಇತ್ತೋ ಬಿಸಲ ಇತ್ತೋ ಅಂತ ಮಂದಿನ್ನ ಕೇಳಕೋತ ತಿರಗೂದು ಬ್ಯಾಡ. ನಿನ್ನ ಕಣ್ಣಲೇ ನೋಡು."

ಆ ಭಾನುವಾರ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಒಂದೇ ಸಮ ಪ್ರಶ್ನೆಗಳು. ಅಂಗಳದಲ್ಲಿ ಜಗಳವಾದರೆ? ಯಾರಾದರೂ ಕೈ ಎತ್ತಿದರೆ? ನಾನು ಬರೆಯುವವನು ಪಕ್ಕದಲ್ಲಿ ಇಲ್ಲದಿದ್ದರೆ ಅವಳು ಹೋಗುತ್ತಿದ್ದಳೇ? ಅಕ್ಕ ಹಸಿರು ಸೀರೆ ಉಟ್ಟು, ಕುಂಚಿಗಿಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮುಂದಿನ ಸೀಟಿನ ಹೆಂಗಸೊಬ್ಬಳು ತಿರುಗಿ ನೋಡಿ, ತನ್ನ ಕೂಸನ್ನು ಎತ್ತಿ ಹಿಡಿದಳು.

"ಯಕ್ಕಾ, ಜರಾ ತಲಿ ಮ್ಯಾಲ ಕೈ ಇಡ್ರಿ. ರಾತ್ರೆಲ್ಲಾ ಅಳ್ತದ."

ಅಕ್ಕ ಕೈ ಇಟ್ಟಳು. ಆದರೆ ಚಪ್ಪಾಳೆ ಹೊಡೆಯಲಿಲ್ಲ. "ಚಪ್ಪಾಳಿ ಇವತ್ತ ಮನ್ಯಾಗ ಬಿಟ್ಟು ಬಂದೀನಿ, ತಂಗಿ," ಎಂದಳು. ಆ ಹೆಂಗಸಿಗೆ ತಿಳಿಯಲಿಲ್ಲ, ಸುಮ್ಮನೆ ನಕ್ಕಳು.

ಆಮೇಲೆ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಮೆಲ್ಲಗೆ "ಕುರ್ರ್" ಎಂದಳು. ಮತ್ತೊಮ್ಮೆ ಎಂದಳು. ಅವಳ ದನಿ ಗಡುಸು. ಅದನ್ನು ತೆಳುವಾಗಿಸಲು ನೋಡುತ್ತಿದ್ದಳು.

"ಹೆಸರು ಹೇಳೂದು ದೊಡ್ಡ ಮಾತಲ್ಲ," ಎಂದಳು. "ಬಗ್ಗಿದ ಮ್ಯಾಲ ಯಾರೂ ಗುದ್ದಲಿಲ್ಲ ಅಂದ್ರ?"

"ಅಂದ್ರೆ?"

"ಅಂದ್ರ ನಾ ಅತ್ತಿ ಅಲ್ಲ ಅಂತಾತು. ಸುಮ್ಮ ಒಳಗ ನುಗ್ಗಿದಾಕಿ." ಆಮೇಲೆ ನಕ್ಕಳು. "ಪೊಲೀಸರು ಬಡದಾರ, ಕುಡುಕರು ಬಡದಾರ, ನಮ್ಮಪ್ಪ ಬಡದಾನ. ಒಬ್ಬರನ್ನೂ ನಾ ಕರದಿಲ್ಲ. ಇವತ್ತ ನೋಡು, ಮೂವತ್ತೈದು ಕಿಲೋಮೀಟರ್ ಟಿಕೀಟ್ ತಗೊಂಡು ಗುದ್ದಿಸಿಕೊಳ್ಳಾಕ ಹೊಂಟೀನಿ."

ನನಗೆ ನಗು ಬರಲಿಲ್ಲ. ಅವಳ ಕೈ ಚೀಲದ ಬಾಯನ್ನು ತಿರುವುತ್ತಲೇ ಇತ್ತು.

ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಗೇಟಿನಲ್ಲೇ ತಮ್ಮ ಎದುರಾದ. ಅವನು ಅವಳನ್ನು ಏನೆಂದೂ ಕರೆಯಲಿಲ್ಲ. ಅಣ್ಣ ಎಂದು ಕರೆಯುವ ಹಾಗಿರಲಿಲ್ಲ, ಅಕ್ಕ ಎನ್ನಲು ಬಾಯಿ ಬರುತ್ತಿರಲಿಲ್ಲ. "ಬಂದ್ರೇನು" ಎಂದು ಗಾಳಿಗೆ ಹೇಳಿದವನಂತೆ ಹೇಳಿದ. ಅಂಗಳದ ಮೂಲೆಯಲ್ಲಿ ಒಂದು ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಮಡಿಸಿದ ಸೀರೆ ಸಿದ್ಧವಾಗಿದ್ದವು. ನನ್ನ ಕೈಯ ರೆಕಾರ್ಡರ್ ನೋಡಿ, "ಅದು ಬಂದ್ ಮಾಡ್ರಿ ಸರ, ಬೀಗರು ಕುಂತಾರ," ಎಂದ. ಆರಿಸಿ ಚೀಲಕ್ಕೆ ಹಾಕಿದೆ.

ಗಂಡಸರೆಲ್ಲ ಶಾಮಿಯಾನದ ಕೆಳಗಿದ್ದರು. ನನ್ನನ್ನು ಅವನ ಮಾವನ ಪಕ್ಕಕ್ಕೆ ಕೂರಿಸಿದರು. ದೊಡ್ಡ ಮೀಸೆಯ ಸೌಮ್ಯ ಮನುಷ್ಯ. ಅಕ್ಕನನ್ನು ನೋಡಿ ಅವರಿಗೆ ಖುಷಿಯೇ ಆಯಿತು.

"ಇವರು ಬಂದದ್ದು ಛಲೋ ಆತು ನೋಡ್ರಿ. ಇವರ ಬಾಯಾಗ ಬಂದ ಮಾತು ಸುಳ್ಳಾಗಂಗಿಲ್ಲ. ನೀವ್ಯಾರು, ಇವರ ಕಡಿಯವರ?"

"ಹೌದ್ರಿ, ಜತೆಗೆ ಬಂದೀನಿ," ಎಂದೆ.

ಅಕ್ಕ ಅಂಗಳದ ನಡುವೆ ನಿಂತಿದ್ದಳು. ಮೊರದ ಕಡೆ ಹೋಗಲಿಲ್ಲ. ಆಗ ಒಳಗಿನಿಂದ ಒಂದು ಮುದಿ ದನಿ ಬಂತು.

"ಅತ್ತಿ ಬಂದಾಳೇನು? ಹೊತ್ತಾಗಾಕತ್ತದ, ಒಳಗ ಕಳಸ್ರಿ!"

ತಾಯಿ. ತಿರುಗಾಡಲು ಆಗದ ಮುದುಕಿ. ತೊಟ್ಟಿಲ ಕಾರ್ಯ ಸೊಸೆಯ ತವರಿನಲ್ಲಿ ಬೇಡ, ತನ್ನ ಕಣ್ಣೆದುರೇ ಆಗಲಿ ಎಂದು ಹಟ ಹಿಡಿದವಳು. ಅದೇ ಹೊತ್ತಿಗೆ ಬಾಗಿಲಿಗೆ ಚಿಕ್ಕಪ್ಪನ ಮಗಳು ಬಂದು ನಿಂತಳು. ಅವಳೂ ಹಸಿರು ಸೀರೆ ಉಟ್ಟಿದ್ದಳು. ತೊಟ್ಟಿಲ ಕಾರ್ಯಕ್ಕೆ ಅತ್ತೆಯಾಗಿ ಬಂದವಳು ಇನ್ನಾವ ಬಣ್ಣ ಉಟ್ಟಾಳು? ಮುದುಕಿ ಕರೆದದ್ದು ಅಕ್ಕನನ್ನೋ ಇವಳನ್ನೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಯಾರೋ ಚಹಾ ಕೊಟ್ಟರು. ಬಾಗಿಲ ಕಡೆ ನೋಡುತ್ತಲೇ ಕಪ್ಪು ಹಿಡಿದೆ, ಚಹಾ ಪ್ಯಾಂಟಿನ ಮೇಲೆ ಚೆಲ್ಲಿತು. ನಾನು ಬಗ್ಗಿ ಒರೆಸಿಕೊಂಡೆ. ತಲೆ ಎತ್ತಿದಾಗ ಅಂಗಳದಲ್ಲಿ ಅಕ್ಕನಿರಲಿಲ್ಲ, ಬಾಗಿಲಲ್ಲಿ ಚಿಕ್ಕಪ್ಪನ ಮಗಳೂ ಇರಲಿಲ್ಲ.

ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕತ್ತಲು. ಬಾಗಿಲ ತುಂಬ ಹೆಂಗಸರ ಬೆನ್ನುಗಳು. ಅವುಗಳ ಸಂದಿಯಲ್ಲಿ ಒಂದು ಹಸಿರು ಬೆನ್ನು ಬಾಗಿತು. 'ಕುರ್ರ್' ಎಂಬ ದನಿ ಬಂತು. ಬಸ್ಸಿನಲ್ಲಿ ಕೇಳಿದ ದನಿಯೇ ಎನಿಸಿತು. ಆದರೆ ಬಸ್ಸಿನಲ್ಲಿ ಅಷ್ಟು ಸಲ ಕೇಳಿದ ಕಿವಿಗೆ ಬೇರೆ ದನಿಯೂ ಹಾಗೇ ಕೇಳಿಸಬಹುದು. ಕ್ಷಣಹೊತ್ತು ಏನೂ ಇಲ್ಲ. ಆಮೇಲೆ ಒಂದು ಗುದ್ದು, ಬಲವಿಲ್ಲದ್ದು, ಕೇಳಿಸಿತೋ ಇಲ್ಲವೋ ಎನ್ನುವಂಥದ್ದು. ಅದರ ಹಿಂದೆಯೇ ಧಬಧಬನೆ ಉಳಿದವು, ನಗು, ಕೇಕೆ.

"ಅತ್ತಿಗಿ ಬಿದ್ದವು ನೋಡ್ರಿ!" ಎಂದು ಮಾವ ತೊಡೆ ತಟ್ಟಿ ನಕ್ಕರು.

ಸ್ವಲ್ಪ ಹೊತ್ತಿಗೆ ಅಕ್ಕ ಮನೆಯ ಪಕ್ಕದ ಹಾದಿಯಿಂದ, ಹಿತ್ತಲ ಕಡೆಯಿಂದ ಬಂದಳು. ಕೈಯಲ್ಲಿ ಕುಂಚಿಗಿಯ ಚೀಲವಿರಲಿಲ್ಲ. ಮೊರದಲ್ಲಿದ್ದ ಸೀರೆಯನ್ನೂ ತೆಗೆದುಕೊಂಡಿರಲಿಲ್ಲ. "ನಡಿ," ಎಂದಳು. ಬಸ್ಸಿನಲ್ಲಿ ಸೀಟಿಗೆ ಒರಗದೆ ಮುಂದೆ ಬಾಗಿ ಕೂತಳು. ಏನಾಯಿತು ಎಂದು ಕೇಳಿದೆ.

"ಬೆನ್ನು ನೋಯಾಕತ್ತದ," ಎಂದಳು. ಮುಖ ಕಿಟಕಿಯ ಕಡೆಗಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ ಅದೂ ನನಗೆ ಕಾಣಲಿಲ್ಲ.

ಮುಂದಿನ ಭೇಟಿಯಲ್ಲಿ ಎಲ್ಲವನ್ನೂ ಹೇಳಿದಳು. ಅವಳು ಒಳಗೆ ಹೋದಾಗ ಹೆಂಗಸರು ಸರಿದು ದಾರಿ ಬಿಟ್ಟರಂತೆ. ನಾನು ಬರೆದುಕೊಂಡೆ. ಪುಸ್ತಕದ ಕೊನೆಯ ಅಧ್ಯಾಯ ಇದೇ ಇರಲಿ ಎಂದಳು. ಹೋರಾಟದ ಕತೆ ಕಚೇರಿಗಳಲ್ಲಿ ಮುಗಿಯುವುದು ಅವಳಿಗೆ ಬೇಕಿರಲಿಲ್ಲ.

ಕೆಲವು ದಿನಗಳಾದ ಮೇಲೆ ತಮ್ಮ ಖೂಬಾ ಪ್ಲಾಟಿನ ನನ್ನ ಕೋಣೆಯನ್ನು ಹುಡುಕಿಕೊಂಡು ಬಂದ. ಕೆಂಪು ಬಾಳೆಯ ಒಂದು ಚಿಪ್ಪನ್ನು ಮೇಜಿನ ಮೇಲಿಟ್ಟು, ಕುರ್ಚಿಯ ತುದಿಯಲ್ಲಿ ಕೂತ.

"ಬುಕ್ಕ ಬರೀತೀರಂತ. ನಮ್ಮ ಮನಿದು ಬರೀಬ್ಯಾಡ್ರಿ ಸರ. ಆಕಿ ಅಂಗಳದಾಗ ನಿಂತು ಹರಸ್ಯಾಳ, ಹೋಗ್ಯಾಳ. ಒಳಗ ಬಂದಿಲ್ಲ."

"ನಾನು ಯಾರ ಹೆಸರೂ ಹಾಕೂದಿಲ್ಲ."

"ಕಮಲಾಪುರ ಎಷ್ಟ ದೊಡ್ಡದದರಿ? ಹೆಸರ್ಯಾಕ ಬೇಕು?" ಅವನ ದನಿ ಕುಗ್ಗಿತು. "ಮಾವಗ ನಾ ಹಂಗ ಹೇಳೀನಿ. ನೀವು ಬ್ಯಾರೆ ಬರದ್ರ ನಾ ಸುಳ್ಳ ಆಗ್ತೀನಿ. ಆಮ್ಯಾಲ ಆಕಿ ಅವ್ವನ ನೋಡಾಕ ಬರೂದು ಬಂದ್. ನಾನ ಬಂದ್ ಮಾಡ್ತೀನಿ. ನನಗ ಬ್ಯಾರೆ ಹಾದಿ ಇಲ್ಲ."

ಅವನು ಕೆಟ್ಟವನಲ್ಲ. ಹೆದರಿದ್ದ, ನನ್ನಷ್ಟೇ. ಒಂದು ವಿಷಯ ಮಾತ್ರ ನಾನು ಗಮನಿಸಿದೆ: ಎದುರಿಗೆ ಏನೂ ಕರೆಯದವನು ಬೆನ್ನ ಹಿಂದೆ 'ಆಕಿ' ಎನ್ನುತ್ತಿದ್ದ.

ಅವನು ಹೋದ ಮೇಲೆ ನನಗೆ ನಿದ್ದೆ ಬಿಟ್ಟಿತು. ಬರೆದರೆ ಒಬ್ಬ ಮುದುಕಿಯ ಮನೆಯ ಬಾಗಿಲು ಮಗಳಿಗೆ ಮುಚ್ಚುತ್ತದೆ. ಬರೆಯದಿದ್ದರೆ ಅಕ್ಕನ ಬದುಕಿನಲ್ಲಿ ಅವಳು ಬಹಳ ಬಯಸಿದ ಒಂದು ಗಳಿಗೆ ಆಗಲೇ ಇಲ್ಲ ಎಂದಾಗುತ್ತದೆ. ಎರಡಕ್ಕಿಂತ ಕೆಟ್ಟದ್ದು ಮೂರನೆಯದು. ಅವಳು ಹೇಳಿದ್ದು ಬರೀ ಅವಳ ಆಸೆಯಾಗಿದ್ದು, ಅದನ್ನು ನಾನು ಸತ್ಯವೆಂದು ಅಚ್ಚು ಹಾಕಿಸಿ, ಆ ಬಾಗಿಲೂ ಮುಚ್ಚಿದರೆ?

ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ತಮ್ಮನ ಮಾತಿಗೆ ಬೇಸರ ಮಾಡಿಕೊಳ್ಳಲಿಲ್ಲ.

"ಅಂವ ಅನ್ನೂದು ಇರ್ಲಿ. ನೀ ಎದರೀಗೇ ಕುಂತಿದ್ದಿ. ನೀ ನೋಡಿದಿಲ್ಲಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. "ಒಂದು ಹಸಿರು ಸೀರೆ ನೋಡಿದೆ," ಎಂದೆ.

ಆಸ್ಪತ್ರೆ, ಕಚೇರಿ, ಠಾಣೆ, ಎಲ್ಲ ಕಡೆ ತಾನು ಯಾರು ಎಂದು ಸಾಬೀತು ಮಾಡಿ ಬಂದವಳು. ತನ್ನ ಮನೆಯಲ್ಲಿ, ತನ್ನ ಬದುಕು ಬರೆಯುವವನ ಮುಂದೆ, ಮತ್ತೆ ಸಾಬೀತು ಮಾಡಬೇಕಿತ್ತು.

"ನಿನಗ ಸುಳ್ಳ ಹೇಳಾಕ ಬರಂಗಿಲ್ಲ, ಅದಕ್ಕ ನಿನ್ನ ಕೈಯಾಗ ಕೊಟ್ಟೀನಿ," ಎಂದಳು. "ಹೋಗು, ಯಾರನ್ನ ಕೇಳ್ತಿ ಕೇಳಕೊಂಡು ಬಾ. ಸುಳ್ಳಂದ್ರ ತಗದ ಹಾಕು. ಖರೇ ಅಂದ್ರ ಬರಿ. ಬಾಗಿಲದ ಚಿಂತಿ ನಂದು, ನಿಂದಲ್ಲ. ಹಿತ್ತಲ ಬಾಗಿಲದಾಗಿಂದ ಅವ್ವನ ಮಾರಿ ಎಷ್ಟೋ ವರ್ಷ ನೋಡೀನಿ. ಇನ್ನ ಹಂಗ ನೋಡಾಕ ನಾ ಹೋಗಂಗಿಲ್ಲ." ಅಂದು ರೆಕಾರ್ಡರ್ ಇಡಲು ಬಿಡಲಿಲ್ಲ.

ಯಾರನ್ನು ಕೇಳುವುದು? ತಾಯಿಯನ್ನು ಕೇಳಲು ತಮ್ಮ ಬಿಡುವುದಿಲ್ಲ. ಅಕ್ಕನ ಗೆಳತಿಯರು ಅಲ್ಲಿರಲಿಲ್ಲ. ಉಳಿದವಳು ಚಿಕ್ಕಪ್ಪನ ಮಗಳು. ಅಂದು ಅತ್ತೆಯಾಗಬೇಕಿದ್ದವಳು ಅವಳು. ತಾನೇ ಕುರ್ರ್ ಎಂದೆ ಎನ್ನುವುದರಲ್ಲಿ ಅವಳಿಗೆ ಮಾನವಿತ್ತು. ಹಾಗಾಗಿ ಅವಳೇ ತಾನಲ್ಲ ಎಂದರೆ ಅದನ್ನು ನಂಬಬಹುದು. ಅವಳನ್ನು ಕೊಟ್ಟದ್ದು ತಾಜಸುಲ್ತಾನಪುರಕ್ಕೆ. ಒಮ್ಮೆ ಹೋಗಿ ಅವಳ ಓಣಿಯ ತಿರುವಿನಿಂದಲೇ ಹಿಂದಿರುಗಿದೆ. ಏನು ಉತ್ತರ ಬಂದರೂ ಒಬ್ಬರಿಗೆ ಕೇಡು ಎನಿಸಿತು. ಎರಡನೆಯ ಸಲ ಹೋದಾಗ ಅವಳು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಗುರುತು ಹಿಡಿದಳು.

"ಪ್ಯಾಂಟಿನ ಮ್ಯಾಲ ಚಾ ಚೆಲ್ಲಿಕೊಂಡವರು ನೀವ ಅಲ್ಲೇನ್ರಿ?"

ಹೌದೆಂದೆ. ಬಂದ ಕಾರಣ ಹೇಳಿದೆ. ಅಕ್ಕ ಏನು ಹೇಳಿದ್ದಳು, ತಮ್ಮ ಏನು ಹೇಳಿದ್ದ ಎಂಬುದನ್ನು ಹೇಳಲಿಲ್ಲ. ಉತ್ತರವನ್ನು ಪ್ರಶ್ನೆಯೊಳಗೆ ಇಟ್ಟು ಕೇಳಬಾರದು. ಅಂದು ನಿಮ್ಮ ಬೆನ್ನಿಗೆ ಜೋರಾಗಿ ಗುದ್ದಿದವರು ಯಾರು ಎಂದಷ್ಟೇ ಕೇಳಿದೆ.

ಅವಳು ಮೊರವನ್ನು ಬದಿಗಿಟ್ಟು ನಗತೊಡಗಿದಳು. "ಅದಕ್ಕ ಇಷ್ಟ ದೂರ ಬಂದ್ರೇನು? ಗುದ್ದಿನ ಪಂಚನಾಮಾ ಮಾಡಾಕ?"

"ಹೇಳ್ರಿ."

"ನನ್ನ ಬೆನ್ನು ಯಾರೂ ಮುಟ್ಟಿಲ್ರಿ. ನಾ ತೊಟ್ಟಿಲ ಹಗ್ಗ ಹಿಡಕೊಂಡು ನಿಂತಿದ್ದೆ. ಅತ್ತಿ ಅಂತ ಸೀರಿ ನನಗ ಕೊಟ್ರು, ಗುದ್ದು ಆಕಿಗಿ ಬಿದ್ದವು. ಬೀಗತಿ ಸುದ್ದಾ ಒಂದ ಕೊಟ್ಟಾಳ, ಗೊತ್ತಿದ್ದ ಕೊಟ್ಟಳೋ ಗೊತ್ತಿಲ್ದ ಕೊಟ್ಟಳೋ. ಒಳಗಿಂದು ಹೊರಗ ಯಾಕ ಹೇಳೂದು ಅಂತ ನಾವು ಯಾರೂ ಬಾಯಿ ಬಿಡಲಿಲ್ಲ. ನೀವು ಕೇಳಿದ್ರಿ, ಹೇಳಿದೆ."

"ಮೊದಲು ಒಂದು ಗುದ್ದು ಬಿತ್ತಲ್ಲ. ಮೆಲ್ಲಗೆ."

ಅವಳ ನಗು ನಿಂತಿತು. "ಅದು ದೊಡ್ಡವ್ವಂದು. ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡಕೋತ ನಿಂತಿದ್ವಿ ನೋಡ್ರಿ, ಗುದ್ದಬೇಕೋ ಬ್ಯಾಡೋ ಅಂತ. ಆಕಿ ಕೈ ಮ್ಯಾಲ ಏಳಂಗಿಲ್ಲ. ಸೊಸಿನ್ನ ಕರದು, ನನ್ನ ಕೈ ಎತ್ತು ಅಂದಳು."

ಆ ಬಾಗಿಲು ಮುಂದೆ ತೆರೆದಿರುತ್ತದೋ ಮುಚ್ಚುತ್ತದೋ ನನಗೆ ಗೊತ್ತಿಲ್ಲ. ನಾನು ಕಂಡ ಹಸಿರು ಸೀರೆ ಅವಳದೇ ಎಂದು ನನ್ನ ಕಣ್ಣನ್ನೇ ನಂಬಿ ಈಗಲೂ ಹೇಳಲಾರೆ. ಒಂದನ್ನು ಮಾತ್ರ ಆಮೇಲೆ ಸೊಸೆಗೂ ಫೋನ್ ಮಾಡಿ ಪಕ್ಕಾ ಮಾಡಿಕೊಂಡೆ. ಅಂದು ಅಕ್ಕನ ಬೆನ್ನಿಗೆ ಬಿದ್ದ ಮೊದಲ ಗುದ್ದು ಅವಳ ತಾಯಿಯದು. ಆ ಕೈಯನ್ನು ಎತ್ತಿ ಹಿಡಿದವಳು ಕೂಸಿನ ತಾಯಿ.